ಕಿನಿಸಿಯಾಲಜಿ ಓದಬೇಕು ಅನ್ನುವವರಿಗೆ: ಬೆಂಗಳೂರಿನಲ್ಲಿ ಎಲ್ಲಿಂದ ಶುರು ಮಾಡಬೇಕು

ಪಿಯುಸಿ ರಿಸಲ್ಟ್ ಬಂದ ವಾರ ನನಗೆ ಫೋನ್ ಕಾಲ್ ಜಾಸ್ತಿ. "ಮೇಡಂ, ಮಗಳು ಕಿನಿಸಿಯಾಲಜಿ ಓದ್ತೀನಿ ಅಂತಿದ್ದಾಳೆ. ಬೆಂಗಳೂರಲ್ಲಿ ಯಾವ ಕಾಲೇಜಿನಲ್ಲಿದೆ?" ಅಂತ ಕೇಳುತ್ತಾರೆ. ಮಗಳು ಯಾವುದೋ ವಿಡಿಯೋದಲ್ಲಿ ಕೆನಡಾದ ವಿದ್ಯಾರ್ಥಿಯೊಬ್ಬರ ಮಾತು ಕೇಳಿರುತ್ತಾಳೆ. ಓಡುವವರ ಮೈಗೆ ಸೆನ್ಸರ್ ಅಂಟಿಸಿ ಅಳತೆ ಮಾಡುವುದು ನೋಡಿರುತ್ತಾಳೆ. ಆಸೆ ಹುಟ್ಟಿರುತ್ತದೆ. ಒಳ್ಳೆಯ ಆಸೆ ಅದು.

ನಾನು ಫಿಸಿಯೋಥೆರಪಿ ಓದಿದವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಆಮೇಲೆ ಬೆಂಗಳೂರಿಗೆ ಬಂದು ಕಲಿತೆ, ಈಗ ಇಲ್ಲೇ ಕೆಲಸ ಮಾಡುತ್ತಾ ಕಿರಿಯರಿಗೆ ಹೇಳಿಕೊಡುತ್ತೇನೆ. ಫೋನ್ ಮಾಡಿದವರಿಗೆಲ್ಲ ಮೊದಲು ಹೇಳುವುದು ಇದನ್ನೇ: ಆ ಹೆಸರಿನ ಬೋರ್ಡ್ ಹುಡುಕಿಕೊಂಡು ಊರು ಸುತ್ತಬೇಡಿ. ನಮ್ಮಲ್ಲಿ ಈ ವಿಷಯ ಬೇರೆ ಬೇರೆ ಡಿಗ್ರಿಗಳ ಒಳಗೆ ಹಂಚಿಹೋಗಿದೆ. ಯಾವ ಡಿಗ್ರಿಯೊಳಗೆ ಎಷ್ಟಿದೆ, ನಿಮಗೆ ಬೇಕಾದ ಭಾಗ ಯಾವುದು ಅಂತ ನೋಡಿ. ಉಳಿದದ್ದನ್ನು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಒಂದು ನೀರಿನ ಕ್ಯಾನ್ ಎತ್ತಿ ನೋಡಿ

ಕಿನಿಸಿಯಾಲಜಿ ಅಂದರೆ ಮೈಯ ಚಲನೆಯ ಓದು. ಗ್ರೀಕ್ ಭಾಷೆಯಲ್ಲಿ ಕಿನಿಸಿಸ್ ಅಂದರೆ ಚಲನೆ. ಮೂಳೆ, ಕೀಲು, ಸ್ನಾಯು, ನರ, ಹೃದಯ, ಶ್ವಾಸಕೋಶ ಎಲ್ಲ ಸೇರಿ ಒಂದು ಹೆಜ್ಜೆ ಹೇಗೆ ಆಗುತ್ತದೆ ಅನ್ನುವುದೇ ವಿಷಯ. ಇದರಲ್ಲಿ ಅನಾಟಮಿ (ಮೈಯ ರಚನೆಯ ಓದು) ಇದೆ, ಫಿಸಿಯಾಲಜಿ (ಅಂಗಗಳು ಕೆಲಸ ಮಾಡುವ ಬಗೆಯ ಓದು) ಇದೆ, ಭೌತಶಾಸ್ತ್ರವೂ ಇದೆ. ಭೌತಶಾಸ್ತ್ರ ಅಂದ ತಕ್ಷಣ ಕೆಲವರ ಮುಖ ಬಾಡುತ್ತದೆ. ಅದಕ್ಕೇ ನಾನು ಕ್ಯಾನ್ ಎತ್ತಿಸುವುದು.

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ 20 ಲೀಟರಿನ ನೀರಿನ ಕ್ಯಾನ್ ಇರುತ್ತದೆ. ತುಂಬಿದ ಕ್ಯಾನ್ ಸುಮಾರು 20 ಕೆಜಿ. ಅದನ್ನು ಬಗ್ಗಿ, ಮೈಯಿಂದ ದೂರ ಹಿಡಿದು ಎತ್ತಿದಿರಿ ಅಂದುಕೊಳ್ಳಿ. ಕ್ಯಾನ್ ನಿಮ್ಮ ಬೆನ್ನೆಲುಬಿನಿಂದ 40 ಸೆಂಟಿಮೀಟರ್ ಮುಂದಿದೆ. ಅದು ನಿಮ್ಮನ್ನು ಮುಂದಕ್ಕೆ ಬೀಳಿಸಲು ನೋಡುತ್ತದೆ. ಬೀಳದ ಹಾಗೆ ಹಿಂದಿನಿಂದ ಎಳೆದು ಹಿಡಿಯುವುದು ಬೆನ್ನಿನ ಸ್ನಾಯು. ಆದರೆ ಆ ಸ್ನಾಯು ಇರುವುದು ಬೆನ್ನೆಲುಬಿಗೆ ತೀರಾ ಹತ್ತಿರ, ಸುಮಾರು 5 ಸೆಂಟಿಮೀಟರ್ ಹಿಂದೆ. ಈಗ ಲೆಕ್ಕ ಹಾಕಿ. 20 ಇಂಟು 40, ಅದು 800. ಅದನ್ನು 5ರಿಂದ ಭಾಗಿಸಿದರೆ 160. ಅಂದರೆ 20 ಕೆಜಿ ಕ್ಯಾನಿಗೆ ನಿಮ್ಮ ಬೆನ್ನು 160 ಕೆಜಿ ತೂಕಕ್ಕೆ ಸಮನಾಗಿ ಎಳೆಯಬೇಕು. ನಿಮ್ಮ ಮೈಯ ಸ್ವಂತ ಭಾರ ಇದಕ್ಕೆ ಸೇರಿಯೇ ಇಲ್ಲ. ಅದೇ ಕ್ಯಾನನ್ನು ಹೊಟ್ಟೆಗೆ ಒತ್ತಿಕೊಂಡು 20 ಸೆಂಟಿಮೀಟರ್ ದೂರಕ್ಕೆ ತನ್ನಿ. 160 ಇದ್ದದ್ದು 80 ಆಯಿತು. ಕ್ಯಾನ್ ಅದೇ, ಬೆನ್ನೂ ಅದೇ.

"ಭಾರ ಎತ್ತುವಾಗ ಮೈಗೆ ಹತ್ತಿರ ಹಿಡಿ" ಅಂತ ಮನೆಯಲ್ಲಿ ಹಿರಿಯರು ಹೇಳುತ್ತಾರಲ್ಲ, ಅದರ ಹಿಂದಿನ ಲೆಕ್ಕ ಇದು. ಇದನ್ನು ಓದುವಾಗ ನಿಮಗೆ ಕುತೂಹಲ ಹುಟ್ಟಿತಾ? ಕೈಯಲ್ಲಿ ಪೆನ್ ಹಿಡಿದು ಇನ್ನೊಂದು ಲೆಕ್ಕ ಹಾಕೋಣ ಅನ್ನಿಸಿತಾ? ಹಾಗಿದ್ದರೆ ಈ ಓದು ನಿಮಗೆ ಹಿಡಿಸುತ್ತದೆ. ಬೇಸರ ಬಂದಿದ್ದರೂ ತಪ್ಪಿಲ್ಲ. ಆದರೆ ಸೇರುವ ಮೊದಲೇ ಅದು ಗೊತ್ತಾಗುವುದು ಒಳ್ಳೆಯದು, ಅಲ್ವಾ?

ಎರಡನೇ ಹೆಜ್ಜೆ: ಹೆಸರು ನೋಡಿ ಮೋಸ ಹೋಗಬೇಡಿ

ಅಂತರ್ಜಾಲದಲ್ಲಿ ಕಿನಿಸಿಯಾಲಜಿ ಅಂತ ಹುಡುಕಿದರೆ ಎರಡು ಬೇರೆ ವಿಷಯಗಳು ಅಡ್ಡ ಬರುತ್ತವೆ.

ಒಂದು ಅಪ್ಲೈಡ್ ಕಿನಿಸಿಯಾಲಜಿ. ಕೈ ಮುಂದೆ ಚಾಚಲು ಹೇಳಿ, ಮೇಲಿಂದ ಒತ್ತಿ, ಕೈ ಇಳಿದರೆ ನಿಮಗೆ ಇಂಥ ಆಹಾರ ಆಗುವುದಿಲ್ಲ, ಇಂಥ ಅಂಗ ದುರ್ಬಲವಾಗಿದೆ ಅಂತ ಹೇಳುವ ಪದ್ಧತಿ. 1964ರಲ್ಲಿ ಅಮೆರಿಕದ ಜಾರ್ಜ್ ಗುಡ್‌ಹಾರ್ಟ್ ಅನ್ನುವ ಕೈರೋಪ್ರಾಕ್ಟರ್ (ಕೈಯಿಂದ ಒತ್ತಿ ಬೆನ್ನೆಲುಬಿಗೆ ಚಿಕಿತ್ಸೆ ಕೊಡುವವರು) ಶುರು ಮಾಡಿದ್ದು. ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ. ಇದರ ವಾರಾಂತ್ಯದ ಕೋರ್ಸಿಗೆ ದುಡ್ಡು ಕಟ್ಟಿ, ಕಿನಿಸಿಯಾಲಜಿ ಕಲಿತೆ ಅಂದುಕೊಂಡವರನ್ನು ನಾನು ನೋಡಿದ್ದೇನೆ. ನನಗೆ ಅವರ ಬಗ್ಗೆ ನಿಜಕ್ಕೂ ಬೇಜಾರಾಗುತ್ತದೆ. ನೀವು ಹಾಗೆ ಮಾಡಬೇಡಿ.

ಇನ್ನೊಂದು, ಆಟಗಾರರ ಭುಜದ ಮೇಲೆ ಕಾಣುವ ಬಣ್ಣದ ಪಟ್ಟಿ. ಅದಕ್ಕೂ ಕಿನಿಸಿಯಾಲಜಿ ಟೇಪ್ ಅಂತಲೇ ಹೆಸರು. ಜಪಾನಿನ ಕೆಂಜೋ ಕಾಸೆ 1970ರ ದಶಕದಲ್ಲಿ ತಂದದ್ದು. ಅದು ಒಂದು ಉಪಕರಣ, ಅಷ್ಟೇ. ಟೇಪ್ ಹಚ್ಚುವುದನ್ನು ಒಂದೆರಡು ದಿನದಲ್ಲಿ ಕಲಿಯಬಹುದು. ಹಚ್ಚಬೇಕೋ ಬೇಡವೋ ಅಂತ ತೀರ್ಮಾನಿಸಲು ವರ್ಷಗಳ ಓದು ಬೇಕು.

ಮೂರನೇ ಹೆಜ್ಜೆ: ಯಾವ ಡಿಗ್ರಿ?

ಮೊದಲು ವಿದೇಶದ ಮಾತು ಮುಗಿಸಿಬಿಡೋಣ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ 1967ರಿಂದಲೇ ಕಿನಿಸಿಯಾಲಜಿ ವಿಭಾಗ ಇದೆ. ಅಲ್ಲಿ ಇದು ನಾಲ್ಕು ವರ್ಷದ ಪದವಿ. ಒಂಟಾರಿಯೊ ಪ್ರಾಂತ್ಯದಲ್ಲಿ 2013ರಿಂದ ಕಿನಿಸಿಯಾಲಜಿಸ್ಟ್ ಅನ್ನುವುದು ನೋಂದಾಯಿತ ವೃತ್ತಿ. ಡಾಕ್ಟರ್, ನರ್ಸ್‌ಗಳಿಗೆ ಇರುವ ಹಾಗೆ ಅವರಿಗೂ ಒಂದು ನಿಯಂತ್ರಣ ಮಂಡಳಿ ಇದೆ. ಆದರೆ ಅಲ್ಲಿ ಫಿಸಿಯೋಥೆರಪಿಸ್ಟ್ ಆಗಲು ಈ ಪದವಿಯ ಮೇಲೆ ಇನ್ನೂ ಓದಬೇಕು. ಕೆನಡಾದಲ್ಲಿ ಮಾಸ್ಟರ್ಸ್, ಅಮೆರಿಕದಲ್ಲಿ ಡಾಕ್ಟರೇಟ್ ಮಟ್ಟದ ಡಿಪಿಟಿ. ನಮ್ಮಲ್ಲಿ ಹಾಗಿಲ್ಲ. ಪಿಯುಸಿ ಆದಮೇಲೆ ನೇರವಾಗಿ ಫಿಸಿಯೋಥೆರಪಿಗೆ ಸೇರಬಹುದು. ಈ ವ್ಯತ್ಯಾಸ ತಿಳಿಯದೆ ವಿದೇಶದ ವಿಡಿಯೋ ನೋಡಿದರೆ ತಲೆ ಕೆಡುತ್ತದೆ.

ಇನ್ನು ನಮ್ಮ ಊರಿನದು.

ಚಲನೆಯನ್ನು ಆಳವಾಗಿ ಕಲಿಯಬೇಕು, ರೋಗಿಗಳ ಜೊತೆ ಕೆಲಸ ಮಾಡಬೇಕು ಅಂದರೆ ಬಿಪಿಟಿ, ಅಂದರೆ ಬ್ಯಾಚುಲರ್ ಆಫ್ ಫಿಸಿಯೋಥೆರಪಿ. ಪಿಯುಸಿಯಲ್ಲಿ ಬಯಾಲಜಿ ಇರಲೇಬೇಕು. ಬೆಂಗಳೂರಿನ ಬಹುಪಾಲು ಬಿಪಿಟಿ ಕಾಲೇಜುಗಳು ಜಯನಗರದಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಇದುವರೆಗೆ ನಾಲ್ಕು ವರ್ಷ ಪಾಠ, ಆರು ತಿಂಗಳು ಇಂಟರ್ನ್‌ಶಿಪ್ ಇತ್ತು. 2025ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೊರತಂದ ಹೊಸ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಒಂದು ವರ್ಷಕ್ಕೆ ಏರಿದೆ. ಒಟ್ಟು ಐದು ವರ್ಷ. ಮನೆಯಲ್ಲಿ ಖರ್ಚಿನ ಲೆಕ್ಕ ಹಾಕುವಾಗ ಐದು ವರ್ಷ ಅಂತಲೇ ಹಾಕಿ. ಪ್ರವೇಶದ ನಿಯಮವೂ ಬದಲಾಗುತ್ತಿದೆ. 2021ರಲ್ಲಿ ಇಂಥ ಕೋರ್ಸುಗಳಿಗೆಲ್ಲ ಸೇರಿ ದೇಶಕ್ಕೊಂದು ಕಾನೂನು ಬಂದಿದೆ, ಅದರಂತೆ ಒಂದೊಂದೇ ನಿಯಮ ಹೊಸದಾಗುತ್ತಿದೆ. ಹಾಗಾಗಿ ಸಿಇಟಿ, ನೀಟ್ ಎರಡಕ್ಕೂ ಅರ್ಜಿ ಹಾಕಿಡಿ. ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಜಾಲತಾಣದಲ್ಲಿ ನಿಮ್ಮ ವರ್ಷದ ಪ್ರಕಟಣೆಯನ್ನು ನೀವೇ ಓದಿ. ಅಕ್ಕಪಕ್ಕದವರು ಹೇಳಿದ್ದು ಹೋದ ವರ್ಷದ ಮಾತಾಗಿರಬಹುದು.

ಆಟ, ತರಬೇತಿ, ಶಾಲೆ ಇಷ್ಟ ಅನ್ನುವವರಿಗೆ ದೈಹಿಕ ಶಿಕ್ಷಣದ ದಾರಿ ಇದೆ. ಬಿಪಿಇಎಸ್, ಅಂದರೆ ದೈಹಿಕ ಶಿಕ್ಷಣ ಮತ್ತು ಕ್ರೀಡೆಯ ಪದವಿಯನ್ನು ಪಿಯುಸಿ ಆದ ಮೇಲೆ ಓದಬಹುದು. ಬಿಪಿಎಡ್ (ಬ್ಯಾಚುಲರ್ ಆಫ್ ಫಿಸಿಕಲ್ ಎಜುಕೇಶನ್) ಸಾಮಾನ್ಯವಾಗಿ ಡಿಗ್ರಿ ಆದ ಮೇಲಿನ ಎರಡು ವರ್ಷದ ಕೋರ್ಸ್, ಸರ್ಕಾರಿ ಶಾಲೆಯ ಪಿಇ ಮೇಷ್ಟ್ರಾಗಲು ಇಂಥ ಅರ್ಹತೆಯೇ ಬೇಕು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ದೈಹಿಕ ಶಿಕ್ಷಣ ವಿಭಾಗ ಇದೆ. ಊರು ಬಿಡಲು ತಯಾರಿದ್ದರೆ ಗ್ವಾಲಿಯರ್‌ನ ಲಕ್ಷ್ಮೀಬಾಯಿ ಸಂಸ್ಥೆ ನೋಡಿ. 1957ರಲ್ಲಿ ಶುರುವಾದದ್ದು. ಅಲ್ಲಿ ಬಿಪಿಎಡ್ ಅನ್ನೇ ಪಿಯುಸಿ ನಂತರದ ನಾಲ್ಕು ವರ್ಷದ ಪದವಿಯಾಗಿ ಓದಬಹುದು. ಈ ದಾರಿಯಲ್ಲಿ ಕಿನಿಸಿಯಾಲಜಿ ಅನ್ನುವುದು ಒಂದು ಪೇಪರ್ ಆಗಿ ಅದೇ ಹೆಸರಿನಲ್ಲೇ ಬರುತ್ತದೆ. ಆರ್ಟ್ಸ್, ಕಾಮರ್ಸ್ ಓದಿದವರಿಗೂ ಬಾಗಿಲು ತೆರೆದಿರುವುದು ಇಲ್ಲೇ. ಆದರೆ ಮೈದಾನದಲ್ಲಿ ದೈಹಿಕ ಪರೀಕ್ಷೆ ಪಾಸಾಗಬೇಕು.

ಮೂರನೆಯದು ಎಕ್ಸರ್‌ಸೈಸ್ ಮತ್ತು ಸ್ಪೋರ್ಟ್ಸ್ ಸೈನ್ಸ್ ಬಿಎಸ್ಸಿ. ವಿದೇಶದ ಕಿನಿಸಿಯಾಲಜಿಗೆ ತೀರಾ ಹತ್ತಿರದ ಡಿಗ್ರಿ ಇದೇ. ಮಣಿಪಾಲದಲ್ಲಿ ಇದೆ. ಬೆಂಗಳೂರಿನ ಕೆಲವು ಖಾಸಗಿ ವಿಶ್ವವಿದ್ಯಾಲಯಗಳೂ ಈ ಬಗೆಯ ಹೆಸರಿನಲ್ಲಿ ಕೋರ್ಸ್ ನಡೆಸುತ್ತವೆ. ಒಂದು ಎಚ್ಚರ: ಇದನ್ನು ಓದಿ ನೀವು ಫಿಸಿಯೋಥೆರಪಿಸ್ಟ್ ಆಗುವುದಿಲ್ಲ. ತರಬೇತಿ, ಫಿಟ್‌ನೆಸ್ ಪರೀಕ್ಷೆ, ಸಂಶೋಧನೆ ಇದರ ಕೆಲಸ. ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಅಂತ ಇರುವುದು ಇನ್ನೂ ಬೇರೆ. ಅದರಲ್ಲಿ ಸ್ನಾಯುವಿನ ಮಾತೇ ಬರುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಬಯಾಲಜಿ ಇದ್ದು, ಐದು ವರ್ಷ ಓದುವ ಅನುಕೂಲ ಇದ್ದರೆ ಬಿಪಿಟಿ ಮಾಡಿ. ಅದರಿಂದ ಆಟದ ಕಡೆಗೂ ಹೋಗಬಹುದು, ಆಸ್ಪತ್ರೆಯ ಕಡೆಗೂ ಹೋಗಬಹುದು. ಆಮೇಲೆ ಸ್ಪೋರ್ಟ್ಸ್‌ನಲ್ಲೇ ಮಾಸ್ಟರ್ಸ್ ಮಾಡುವ ದಾರಿಯೂ ಇದೆ. ಮೈದಾನ ಬಿಟ್ಟು ಒಳಗೆ ಕೂರಲು ಆಗುವುದೇ ಇಲ್ಲ ಅನ್ನುವ ಮಕ್ಕಳನ್ನು ಮಾತ್ರ ನಾನು ದೈಹಿಕ ಶಿಕ್ಷಣದ ಕಡೆ ಕಳಿಸುತ್ತೇನೆ.

ನಾಲ್ಕನೇ ಹೆಜ್ಜೆ: ಕಾಲೇಜಿಗೆ ಹೋಗಿ ಕೇಳಿ

ಬ್ರೋಷರ್ ನೋಡಿ ಸೇರಬೇಡಿ. ಒಂದು ದಿನ ಬಿಡುವು ಮಾಡಿಕೊಂಡು ಹೋಗಿ. ಸ್ವಾಗತದ ಮೇಜಿನ ಹತ್ತಿರ ಕೂತು ವಾಪಸ್ ಬರಬೇಡಿ, ಕ್ಯಾಂಟೀನಿಗೆ ಹೋಗಿ. ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಮಾತಾಡಿಸಿ.

ಅನಾಟಮಿಗೆ ಶವ ಇದೆಯಾ, ಬರೀ ಪ್ಲಾಸ್ಟಿಕ್ ಮಾದರಿಯಾ? ಕ್ಲಿನಿಕಲ್ ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ? ದಿನಕ್ಕೆ ಎಷ್ಟು ರೋಗಿಗಳನ್ನು ನೀವೇ ಮುಟ್ಟಿ ನೋಡುತ್ತೀರಿ? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ತೀರ್ಮಾನ ಆದಂತೆ. ಸ್ವಂತ ಆಸ್ಪತ್ರೆ ಇರುವ ಕಾಲೇಜಿಗೆ ಇಲ್ಲಿ ದೊಡ್ಡ ಅನುಕೂಲ. ರಾಮಯ್ಯ ಸಂಸ್ಥೆ, ವಿ.ವಿ. ಪುರಂನ ಕೆಂಪೇಗೌಡ ಫಿಸಿಯೋಥೆರಪಿ ಕಾಲೇಜು ಅಂಥವುಗಳ ಹಿಂದೆ ದೊಡ್ಡ ಆಸ್ಪತ್ರೆಗಳಿವೆ. ಸಣ್ಣ ಕಾಲೇಜಿನಲ್ಲೂ ಒಳ್ಳೆಯ ಮೇಷ್ಟ್ರು ಇರುತ್ತಾರೆ, ಆದರೆ ರೋಗಿಗಳೇ ಇಲ್ಲದಿದ್ದರೆ ಅವರೂ ಏನು ಮಾಡಿಯಾರು?

ಬಯೋಮೆಕ್ಯಾನಿಕ್ಸ್, ಅಂದರೆ ಮೈಯ ಚಲನೆಯ ಹಿಂದಿನ ಬಲಗಳ ಲೆಕ್ಕ. ಆ ಪಾಠವನ್ನು ಹೇಗೆ ಮಾಡುತ್ತಾರೆ ಅಂತಲೂ ಕೇಳಿ. ನನ್ನ ಓದಿನ ಕಾಲದಲ್ಲಿ ಒಂದು ಕಡೆ ಆ ವಿಷಯವನ್ನು ನೋಟ್ಸ್ ಓದಿಸಿ ಮುಗಿಸಿಬಿಟ್ಟಿದ್ದರು. ಲೀವರ್ (ಸನ್ನೆ) ಅಂದರೇನು ಅಂತ ನನಗೆ ನಿಜವಾಗಿ ಅರ್ಥವಾಗಿದ್ದು ಇಂಟರ್ನ್‌ಶಿಪ್‌ನಲ್ಲಿ, ಒಬ್ಬ ಅಜ್ಜನ ಊರುಗೋಲು ನೋಡಿದಾಗ. ಅಷ್ಟು ತಡವಾಗಬಾರದಿತ್ತು. ಆ ಊರುಗೋಲಿನ ಮಾತು ಮುಂದೆ ಬರುತ್ತದೆ.

ಮೂಲ ಮಾರ್ಕ್ಸ್ ಕಾರ್ಡ್, ಟಿಸಿ ಕೊಡುವ ಮೊದಲು ನಾಲ್ಕೈದು ಜೆರಾಕ್ಸ್ ಮಾಡಿಸಿ ದೃಢೀಕರಿಸಿ ಇಟ್ಟುಕೊಳ್ಳಿ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ತಗೊಳ್ಳಿ.

ಐದನೇ ಹೆಜ್ಜೆ: ಸೇರುವ ಮೊದಲಿನ ಎರಡು ತಿಂಗಳು

ನನಗೆ ಅತಿ ಇಷ್ಟವಾದ ಹೆಜ್ಜೆ ಇದು. ಪರೀಕ್ಷೆ ಮುಗಿದು ಕಾಲೇಜು ಶುರುವಾಗುವ ಮಧ್ಯೆ ಸಿಗುವ ರಜೆಯಲ್ಲಿ ದಪ್ಪ ಪುಸ್ತಕ ಕೊಂಡು ಹೆದರಬೇಡಿ. ಒಂದು ಸಣ್ಣ ನೋಟ್ ಪುಸ್ತಕ ತಗೊಂಡು ಬೆಳಗ್ಗೆ ಆರೂವರೆಗೆ ಲಾಲ್‌ಬಾಗಿಗೆ ಹೋಗಿ. ಕೆಂಪೇಗೌಡರ ಗೋಪುರ ಇರುವ ಬಂಡೆಯ ಹತ್ತಿರ ಕೂರಿ. ಜನ ನಡೆಯುವುದನ್ನು ನೋಡಿ.

ನಡಿಗೆಯಲ್ಲಿ ಒಂದು ಕಾಲನ್ನೇ ಗಮನಿಸಿದರೆ, ಅದು ಸುಮಾರು 60 ಭಾಗ ಹೊತ್ತು ನೆಲದ ಮೇಲಿರುತ್ತದೆ, 40 ಭಾಗ ಗಾಳಿಯಲ್ಲಿ. ಎರಡೂ ಕಾಲು ಒಟ್ಟಿಗೆ ನೆಲದ ಮೇಲಿರುವ ಗಳಿಗೆಗಳೂ ಇವೆ. ಓಟದಲ್ಲಿ ಆ ಗಳಿಗೆ ಇಲ್ಲವೇ ಇಲ್ಲ. ನಡಿಗೆಗೂ ಓಟಕ್ಕೂ ಇರುವ ವ್ಯತ್ಯಾಸ ವೇಗದ್ದಲ್ಲ, ಇದೇ. ಒಂದು ವಾರ ಬರೀ ಹಿಮ್ಮಡಿ ನೋಡಿ. ಮುಂದಿನ ವಾರ ಮಂಡಿ. ಆಮೇಲೆ ಸೊಂಟ. ಎಲ್ಲವನ್ನೂ ಒಟ್ಟಿಗೆ ನೋಡಲು ಹೋದರೆ ಏನೂ ಕಾಣುವುದಿಲ್ಲ.

ಯಾರಾದರೂ ಕುಂಟುತ್ತಿದ್ದರೆ ಗಮನಿಸಿ. ನೋವಿರುವ ಕಾಲ ಮೇಲೆ ಅವರು ಕಡಿಮೆ ಹೊತ್ತು ನಿಲ್ಲುತ್ತಾರೆ, ಬೇಗ ಇನ್ನೊಂದು ಕಾಲಿಗೆ ಹಾರುತ್ತಾರೆ. ಹೆಜ್ಜೆಯ ಸದ್ದು ಕೇಳಿಯೇ ಇದು ತಿಳಿಯುತ್ತದೆ, ಟಕ್-ಟ, ಟಕ್-ಟ ಅಂತ. ದಿಟ್ಟಿಸಿ ನೋಡಿ ಅವರಿಗೆ ಮುಜುಗರ ಮಾಡಬೇಡಿ. ವಿಡಿಯೋ ಅಂತೂ ತೆಗೆಯಲೇಬೇಡಿ.

ಈಗ ಊರುಗೋಲು. ಬಲಗಡೆ ಸೊಂಟದ ಕೀಲು ನೋಯುವ ಅಜ್ಜ ಊರುಗೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು? ಹೆಚ್ಚಿನವರು ಬಲಗೈಯಲ್ಲಿ ಹಿಡಿಯುತ್ತಾರೆ. ಸರಿಯಾದದ್ದು ಎಡಗೈ. ಬಲಗಾಲ ಮೇಲೆ ಒಂಟಿಯಾಗಿ ನಿಂತಾಗ ಮೈಭಾರ ಸೊಂಟವನ್ನು ಎಡಕ್ಕೆ ಬಗ್ಗಿಸಲು ನೋಡುತ್ತದೆ. ಬಲಗಡೆ ಪಕ್ಕದಲ್ಲಿರುವ ಗ್ಲೂಟಿಯಸ್ ಮೀಡಿಯಸ್ ಅನ್ನುವ ಸ್ನಾಯು ಅದನ್ನು ಎಳೆದು ಹಿಡಿಯುತ್ತದೆ. ಸ್ನಾಯು ಕೀಲಿಗೆ ಹತ್ತಿರ ಇದೆ, ಮೈಭಾರ ದೂರ ಇದೆ. ನೀರಿನ ಕ್ಯಾನಿನದೇ ಕಥೆ. ಆರೋಗ್ಯವಂತರಲ್ಲೂ ಒಂಟಿ ಕಾಲಲ್ಲಿ ನಿಂತಾಗ ಆ ಕೀಲಿನ ಮೇಲೆ ಮೈತೂಕದ ಎರಡೂವರೆ, ಮೂರು ಪಟ್ಟು ಒತ್ತಡ ಬೀಳುವುದು ಇದಕ್ಕೇ. ಎಡಗೈಯ ಕೋಲು ಕೀಲಿನಿಂದ ತುಂಬಾ ದೂರ ನೆಲ ಒತ್ತುತ್ತದೆ. ದೂರ ಇರುವುದರಿಂದ ಸ್ವಲ್ಪ ಒತ್ತಿದರೂ ಸಾಕು, ಸ್ನಾಯುವಿಗೆ ದೊಡ್ಡ ಬಿಡುವು. ನಾನು ಹೇಳಿದ ಆ ಅಜ್ಜ ಕೈ ಬದಲಿಸಿ ವಾರ್ಡಿನ ಉದ್ದಕ್ಕೆ ನಡೆದು ವಾಪಸ್ ಬಂದರು. "ಇಷ್ಟು ವರ್ಷ ಯಾರೂ ಹೇಳಲಿಲ್ಲವಲ್ಲಮ್ಮ" ಅಂದರು. ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

ಅದೇ ಬಂಡೆಯನ್ನು ನೀವೂ ನಾಲ್ಕು ಸಲ ಹತ್ತಿ ಇಳಿಯಿರಿ. ಹತ್ತುವಾಗ ಏದುಸಿರು ಬರುತ್ತದೆ. ಆದರೆ ಮರುದಿನ ತೊಡೆ ಹಿಡಿದುಕೊಳ್ಳುವುದು ಇಳಿದದ್ದರಿಂದ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಕೆಲಸ ಮಾಡುತ್ತಲೇ ಉದ್ದವಾಗುತ್ತದೆ, ಬ್ರೇಕ್ ಹಾಕಿದ ಹಾಗೆ. ಅಂಥ ಕೆಲಸವೇ ಈ ನೋವು ತರುವುದು. ಲ್ಯಾಕ್ಟಿಕ್ ಆಸಿಡ್ ಸೇರಿಕೊಂಡಿದೆ ಅಂತ ಜಿಮ್‌ನಲ್ಲಿ ಹೇಳುತ್ತಾರಲ್ಲ, ಅದು ಸರಿಯಲ್ಲ. ವ್ಯಾಯಾಮ ನಿಲ್ಲಿಸಿದ ಗಂಟೆ ಎರಡು ಗಂಟೆಯಲ್ಲೇ ಲ್ಯಾಕ್ಟೇಟ್ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ನೋವು ಜೋರಾಗುವುದು ಒಂದರಿಂದ ಮೂರು ದಿನದ ಒಳಗೆ.

ಮೆಟ್ರೋದಲ್ಲಿ ಬರುವವರಿಗೆ ಇನ್ನೊಂದು ಪಾಠ. ರೈಲು ಹೋಗುವ ದಿಕ್ಕಿಗೆ ಮುಖ ಮಾಡಿ, ಕಂಬ ಹಿಡಿಯದೆ, ಆದರೆ ಕೈ ಹತ್ತಿರ ಇಟ್ಟುಕೊಂಡು ನಿಲ್ಲಿ. ರೈಲು ಹೊರಟಾಗ ಮೈ ಹಿಂದಕ್ಕೆ ವಾಲುತ್ತದೆ, ಕಣಕಾಲಿನ ಮುಂದಿನ ಸ್ನಾಯು ಬಿಗಿಯಾಗುತ್ತದೆ. ಬ್ರೇಕ್ ಹಾಕಿದಾಗ ಮುಂದಕ್ಕೆ ವಾಲುತ್ತದೆ, ಆಗ ಮೀನಖಂಡದ ಸರದಿ. ಸಣ್ಣ ಎಳೆತಕ್ಕೆ ಪಾದದ ಕೀಲೇ ಸಾಕು. ಜೋರಾದರೆ ಸೊಂಟ ಬಗ್ಗುತ್ತದೆ. ಇನ್ನೂ ಜೋರಾದರೆ ಕಾಲು ಒಂದು ಹೆಜ್ಜೆ ಇಡುತ್ತದೆ. ಮುಂದೆ ಈ ಮೂರನ್ನೂ ಹೆಸರು ಸಮೇತ ಪಾಠದಲ್ಲಿ ಓದುತ್ತೀರಿ. ಮೈ ಮೊದಲೇ ಕಲಿತಿದ್ದರೆ ಹೆಸರು ಮರೆಯುವುದಿಲ್ಲ.

ಮನೆಯಲ್ಲಿ ಅಜ್ಜಿ ಇದ್ದರೆ ಕೇಳಿಕೊಂಡು ಒಂದು ಪರೀಕ್ಷೆ ಮಾಡಿ. ಕುರ್ಚಿಯನ್ನು ಗೋಡೆಗೆ ಒರಗಿಸಿಡಿ. ಅಜ್ಜಿ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಲಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಎಣಿಸಿ. ನೀವು ಪಕ್ಕದಲ್ಲೇ ಇರಿ. ತಲೆ ಸುತ್ತು, ಎದೆ ನೋವು ಇರುವವರಿಂದ ಮಾಡಿಸಬೇಡಿ. ಆಸ್ಪತ್ರೆಗಳಲ್ಲಿ ಕಾಲಿನ ಬಲ ಅಳೆಯಲು ನಾವು ಮಾಡುವುದೂ ಇದನ್ನೇ. ಪ್ರತಿ ತಿಂಗಳು ಬರೆದಿಡಿ.

ಆರನೇ ಹೆಜ್ಜೆ: ಕನ್ನಡದ ಮಾತನ್ನು ಬಿಡಬೇಡಿ

ಕನ್ನಡ ಮೀಡಿಯಂನಿಂದ ಬಂದವರಿಗೆ ಮೊದಲ ವರ್ಷದ ಹೆಸರುಗಳು ಕಷ್ಟ. ಸ್ಟರ್ನೋಕ್ಲೈಡೋಮಾಸ್ಟಾಯ್ಡ್ ಅಂತ ಕೇಳಿದಾಗ ಅಳು ಬಂದಿತ್ತು. ಆಮೇಲೆ ಹಾಸ್ಟೆಲಿನ ಒಬ್ಬ ಅಕ್ಕ ಹೇಳಿಕೊಟ್ಟರು. ಅದು ಹೆಸರಲ್ಲ, ವಿಳಾಸ. ಸ್ಟರ್ನಮ್, ಅಂದರೆ ಎದೆಯ ನಡುವಿನ ಮೂಳೆ. ಕ್ಲೈಡೋ, ಅಂದರೆ ಕಾಲರ್ ಮೂಳೆ. ಮಾಸ್ಟಾಯ್ಡ್, ಅಂದರೆ ಕಿವಿ ಹಿಂದಿನ ಉಬ್ಬು. ಅಲ್ಲಿಂದ ಇಲ್ಲಿಗೆ ಹೋಗುವ ಸ್ನಾಯು. ಕತ್ತನ್ನು ಎಡಕ್ಕೆ ತಿರುಗಿಸಿ, ಬಲಗಡೆ ಹಗ್ಗದ ಹಾಗೆ ಎದ್ದು ನಿಲ್ಲುತ್ತದೆ, ಮುಟ್ಟಿ ನೋಡಿ. ಹೀಗೆ ದಿನಕ್ಕೆ ಐದು ಸ್ನಾಯು. ಸ್ವಂತ ಮೈಮೇಲೆ ಮುಟ್ಟಿ, ಹೆಸರನ್ನು ಒಡೆದು, ಅದು ಮಾಡುವ ಕೆಲಸವನ್ನು ಕನ್ನಡದಲ್ಲಿ ಒಂದು ಸಾಲು ಬರೆಯಿರಿ.

ಇಂಗ್ಲಿಷ್ ಮೀಡಿಯಂನಿಂದ ಬಂದವರಿಗೆ ಉಲ್ಟಾ ಕಷ್ಟ. ಮೂರನೇ ವರ್ಷ ವಾರ್ಡಿಗೆ ಹೋದಾಗ ರೋಗಿಯ ಮಾತು ಅರ್ಥವಾಗುವುದಿಲ್ಲ. ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗೆ ರಾಜ್ಯದ ಎಲ್ಲ ಮೂಲೆಯ ಜನ ಬರುತ್ತಾರೆ. ಒಬ್ಬರು "ಸೊಂಟ ಹಿಡ್ಕೊಂಡಿದೆ" ಅನ್ನುತ್ತಾರೆ. ಕಲಬುರಗಿ ಕಡೆಯವರು "ಟೊಂಕ ಹಿಡದೈತ್ರಿ" ಅನ್ನುತ್ತಾರೆ. ಎರಡೂ ಒಂದೇ. ಜೋಮು, ಸೆಳೆತ, ಉಳುಕು, ಉರಿ ಇವೆಲ್ಲ ಬೇರೆ ಬೇರೆ. "ನರ ಎಳೆದ ಹಾಗಾಗುತ್ತೆ" ಅಂದಾಗ ಅವರು ತೋರಿಸುತ್ತಿರುವುದು ಎಷ್ಟೋ ಸಲ ಸ್ನಾಯುವನ್ನು. "ಕಾಲಲ್ಲಿ ಶಕ್ತಿ ಇಲ್ಲ" ಅನ್ನುವ ಒಂದೇ ಮಾತಿಗೆ ಮೂರು ಅರ್ಥ ಇರಬಹುದು. ನರದಿಂದ ನಿಜವಾಗಿ ಬಲ ಹೋಗಿರಬಹುದು. ನೋವಿಗೆ ಹೆದರಿ ಕಾಲೂರದೆ ಇರಬಹುದು. ಸುಮ್ನೆ ಸುಸ್ತಾಗಿರಬಹುದು. ಮೂರಕ್ಕೂ ಪರೀಕ್ಷೆ ಬೇರೆ, ಚಿಕಿತ್ಸೆ ಬೇರೆ. ತಾಳ್ಮೆಯಿಂದ ಇನ್ನೆರಡು ಪ್ರಶ್ನೆ ಕೇಳಿದರೆ ಮಾತ್ರ ಗೊತ್ತಾಗುತ್ತದೆ. ಇಂಥ ಮಾತುಗಳಿಗೇ ಒಂದು ನೋಟ್ ಪುಸ್ತಕ ಇಡಿ. ಯಾವ ಸಿಲಬಸ್‌ನಲ್ಲೂ ಇವು ಸಿಗುವುದಿಲ್ಲ.

ಏಳನೇ ಹೆಜ್ಜೆ: ಮೊದಲ ವರ್ಷ ದಾಟುವುದು

ಅನಾಟಮಿ, ಫಿಸಿಯಾಲಜಿ. ಇವೆರಡನ್ನು ಹಿಡಿದರೆ ಮುಂದಿನದು ಸಲೀಸು. ಎರಡನೇ ವರ್ಷದ ಬಯೋಮೆಕ್ಯಾನಿಕ್ಸ್, ಎಕ್ಸರ್‌ಸೈಸ್ ಥೆರಪಿ ಎರಡೂ ಇವುಗಳ ಮೇಲೆಯೇ ನಿಂತಿವೆ. ಮೊದಲ ವರ್ಷ ಬಾಯಿಪಾಠ ಮಾಡಿ ಪಾಸಾದವರು ಎರಡನೇ ವರ್ಷ ಒದ್ದಾಡುವುದನ್ನು ಪ್ರತಿ ಬ್ಯಾಚಿನಲ್ಲೂ ನೋಡುತ್ತೇನೆ.

ಶವ ಬಿಡಿಸಿ ಕಲಿಯುವ ಡಿಸೆಕ್ಷನ್ ಹಾಲಿನ ಮೊದಲ ದಿನದ ಬಗ್ಗೆ ಮಕ್ಕಳಿಗೆ ಭಯ ಇರುತ್ತದೆ. ಶವ ಕೆಡದಂತೆ ಹಾಕುವ ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುತ್ತದೆ. ಬೆಳಗ್ಗೆ ಹಗುರವಾಗಿ ತಿಂಡಿ ತಿಂದು ಹೋಗಿ, ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ತಲೆ ಸುತ್ತಿದರೆ ಹೊರಗೆ ಬಂದು ಕೂರಿ, ಅದರಲ್ಲಿ ನಾಚಿಕೆ ಏನಿಲ್ಲ. ಮೇಜಿನ ಮೇಲೆ ಇರುವವರು ಒಂದು ಮನೆಯ ಅಪ್ಪನೋ ಅಮ್ಮನೋ ಆಗಿದ್ದವರು. ದೇಹದಾನ ಮಾಡಿದವರೂ ಅವರಲ್ಲಿ ಇರುತ್ತಾರೆ. ನಾವು ಮೊದಲ ದಿನ ಎಲ್ಲರೂ ಒಂದು ನಿಮಿಷ ಸುಮ್ಮನೆ ನಿಂತು ಕೈಮುಗಿದು ಶುರು ಮಾಡಿದ್ದೆವು. ಫೋಟೋ ತೆಗೆಯುವುದು, ನಗುವುದು ಅಲ್ಲಿ ಬೇಡ. ಭುಜದ ಸ್ನಾಯುಗಳು ಒಂದರ ಮೇಲೊಂದು ಹೇಗೆ ಹೊದ್ದುಕೊಂಡಿವೆ ಅನ್ನುವುದನ್ನು ಯಾವ ಚಿತ್ರವೂ ಅವರಷ್ಟು ಚೆನ್ನಾಗಿ ಕಲಿಸುವುದಿಲ್ಲ.

ಫಿಸಿಯಾಲಜಿಯಲ್ಲಿ ಸ್ನಾಯು ಹೇಗೆ ಕುಗ್ಗುತ್ತದೆ ಅನ್ನುವ ಪಾಠವನ್ನು ಆತುರ ಪಡದೆ ಓದಿ. 1954ರಲ್ಲಿ ಎರಡು ಬೇರೆ ಬೇರೆ ತಂಡಗಳು ಒಂದೇ ಉತ್ತರಕ್ಕೆ ಬಂದವು. ಒಂದರಲ್ಲಿ ಆಂಡ್ರ್ಯೂ ಹಕ್ಸ್‌ಲಿ, ಇನ್ನೊಂದರಲ್ಲಿ ಹ್ಯೂ ಹಕ್ಸ್‌ಲಿ. ಹೆಸರು ಒಂದೇ ಆದರೂ ಅವರು ಸಂಬಂಧಿಕರಲ್ಲ. ಸ್ನಾಯುವಿನ ಒಳಗಿನ ಎಳೆಗಳು ತಾವೇ ಗಿಡ್ಡ ಆಗುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತವೆ ಅಂತ ಅವರು ತೋರಿಸಿದರು. ಎರಡೂ ಕೈಯ ಬೆರಳುಗಳನ್ನು ಒಂದರೊಳಗೊಂದು ಸೇರಿಸಿ ಜಾರಿಸಿ ನೋಡಿ. ಸ್ನಾಯು ಪೂರ್ತಿ ಎಳೆದಾಗಲೂ, ಪೂರ್ತಿ ಕುಗ್ಗಿದಾಗಲೂ ಬಲ ಯಾಕೆ ಕಡಿಮೆ ಅನ್ನುವುದಕ್ಕೆ ಉತ್ತರ ಆ ಬೆರಳುಗಳಲ್ಲೇ ಇದೆ.

ಎಂಟನೇ ಹೆಜ್ಜೆ: ಊರನ್ನೇ ಪ್ರಯೋಗಾಲಯ ಮಾಡಿಕೊಳ್ಳಿ

ಆಟದ ವಿಜ್ಞಾನಕ್ಕೆ ಬೆಂಗಳೂರಿನಷ್ಟು ಅನುಕೂಲದ ಊರು ನಮ್ಮ ರಾಜ್ಯದಲ್ಲಿ ಇನ್ನೊಂದಿಲ್ಲ. ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ದಕ್ಷಿಣ ಕೇಂದ್ರ ಇಲ್ಲಿದೆ, ಭಾರತ ಹಾಕಿ ತಂಡಗಳ ಶಿಬಿರ ಅಲ್ಲೇ ನಡೆಯುತ್ತದೆ. ವಿಮಾನ ನಿಲ್ದಾಣದ ಕಡೆ ಬಿಸಿಸಿಐನ ಸೆಂಟರ್ ಆಫ್ ಎಕ್ಸಲೆನ್ಸ್ 2024ರಲ್ಲಿ ಶುರುವಾಗಿದೆ. ಯಲಹಂಕದ ಕಡೆ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರ ಇದೆ. ಇಲ್ಲೆಲ್ಲ ಮೊದಲ ವರ್ಷದವರನ್ನು ಒಳಗೆ ಬಿಡುವುದಿಲ್ಲ. ಆದರೆ ಕಂಠೀರವ ಕ್ರೀಡಾಂಗಣದ ಗ್ಯಾಲರಿಯಲ್ಲಿ ಕೂತು ಅಥ್ಲೆಟಿಕ್ಸ್ ಕೂಟ ನೋಡಬಹುದು. ಏಪ್ರಿಲ್ ಕೊನೆಯಲ್ಲೋ ಮೇ ತಿಂಗಳಲ್ಲೋ ನಡೆಯುವ 10ಕೆ ಓಟದಂಥ ಕಡೆ ಸ್ವಯಂಸೇವಕರು ಬೇಕಾಗುತ್ತಾರೆ, ಕಾಲೇಜಿನ ಮೂಲಕ ಹೋಗಿ. ಒಂದೇ ಬೆಳಗ್ಗೆ ನೂರಾರು ಮೀನಖಂಡಗಳ ಸೆಳೆತ ನೋಡುತ್ತೀರಿ.

ಆಟದ ಹೊಳಪಷ್ಟನ್ನೇ ನೋಡಬೇಡಿ ಅಂತ ಒಂದು ಮಾತು ಹೇಳಲೇಬೇಕು. ನಿಮ್ಹಾನ್ಸ್‌ನಂಥ ಕಡೆ ಪಾರ್ಶ್ವವಾಯು ಆದವರು ಮತ್ತೆ ಲೋಟ ಹಿಡಿಯಲು ಕಲಿಯುತ್ತಾರೆ. ಕೆ.ಆರ್. ಮಾರ್ಕೆಟ್‌ನಲ್ಲಿ ಮೂಟೆ ಹೊರುವವರ ಕತ್ತು, ದಿನವಿಡೀ ಆಟೋ ಹ್ಯಾಂಡಲ್ ಹಿಡಿಯುವವರ ಭುಜ, ಕಂಪ್ಯೂಟರ್ ಮುಂದೆ ಕೂರುವವರ ಬೆನ್ನು, ಇವಕ್ಕೂ ಇದೇ ವಿದ್ಯೆ ಬೇಕು. ಓಟಗಾರ ಅರ್ಧ ಸೆಕೆಂಡ್ ಬೇಗ ಓಡುವುದು ದೊಡ್ಡದೇ. ಆದರೆ ಮನೆಯ ಹೊಸ್ತಿಲು ದಾಟಲಾಗದ ಅಮ್ಮ ದಾಟಿದ ದಿನವನ್ನು ನೋಡಿದ ಮೇಲೆ ನನ್ನ ಮನಸ್ಸು ಆ ಕಡೆಯೇ ನಿಂತಿತು.

ಕೆಲಸದ ಬಗ್ಗೆ ಚಿಕ್ಕದಾಗಿ: ಶುರುವಿನ ಸಂಬಳ ಕಡಿಮೆಯೇ ಇರುತ್ತದೆ. ಮೊದಲ ಎರಡು ವರ್ಷ ಸಂಬಳಕ್ಕಿಂತ ಒಳ್ಳೆಯ ಹಿರಿಯರು ಇರುವ ಜಾಗ ನೋಡಿ ಸೇರಿ. ಮಾಸ್ಟರ್ಸ್ ಮಾಡಿದವರಿಗೆ ಪಾಠ ಮಾಡುವ ದಾರಿಯೂ ಇದೆ. ಮನೆಮನೆಗೆ ಹೋಗಿ ಚಿಕಿತ್ಸೆ ಕೊಡುವವರಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ, ಆದರೆ ಟ್ರಾಫಿಕ್‌ನಲ್ಲಿ ಕಳೆಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೊದಲ ದಿನದ ಬ್ಯಾಗ್

ಬಿಳಿ ಕೋಟ್ ಎರಡು, ಒಂದು ಒಗೆಯಲು ಹಾಕಿದಾಗ ಇನ್ನೊಂದು ಬೇಕಾಗುತ್ತದೆ. ಟೈಲರ್ ಅಂಗಡಿಯ ಅಳತೆ ಟೇಪ್. ಸೆಕೆಂಡ್ ಮುಳ್ಳು ಇರುವ ವಾಚ್, ನಾಡಿ ಎಣಿಸಲು. ಮೈಮೇಲೆ ಸ್ನಾಯು ಬರೆಯಲು ಐಬ್ರೋ ಪೆನ್ಸಿಲ್, ತೊಳೆದರೆ ಹೋಗುತ್ತದೆ. ಕೀಲು ಎಷ್ಟು ಡಿಗ್ರಿ ಬಗ್ಗುತ್ತದೆ ಅಂತ ಅಳೆಯುವ ಗೋನಿಯೋಮೀಟರ್ ಈಗಲೇ ಕೊಳ್ಳಬೇಡಿ, 360 ಡಿಗ್ರಿಯದೋ 180ರದ್ದೋ ಅಂತ ಕಾಲೇಜಿನಲ್ಲಿ ಕೇಳಿ ತಗೊಳ್ಳಿ. ಮಂಡಿಯ ಮೇಲಿನವರೆಗೆ ಬರುವ ಸಡಿಲವಾದ ಕಾಟನ್ ಚಡ್ಡಿಯೊಂದು ಬ್ಯಾಗಿನಲ್ಲಿರಲಿ. ಹಿಂದಿನ ರಾತ್ರಿ ಉಗುರು ಕತ್ತರಿಸಿಕೊಳ್ಳಿ. ಮೊದಲ ವಾರದಲ್ಲೇ ಪಕ್ಕದ ಬೆಂಚಿನವರ ಮಂಡಿಚಿಪ್ಪಿನ ಅಂಚನ್ನು ಬೆರಳಿನಿಂದ ಹುಡುಕಬೇಕಾಗುತ್ತದೆ. "ಮುಟ್ಟಬಹುದಾ?" ಅಂತ ಕೇಳಿ, ಅವರು ಹೂಂ ಅಂದ ಮೇಲೆ.